ಎತ್ತಿಗಿರುವ ಸೋಮವಾರ

ಕಡೂರು, ೯ ಫೆಬ್ರವರಿ ೧೯೮೧, ಸೋಮವಾರ

ಕೊಡುತ್ತೇವೆ ಅಂದದ್ದು: ವಾರಕ್ಕೊಂದು ದಿನ, ಕೂಲಿ ಹಿಡಿಯದೆ, ರಜ.
ಕೊಟ್ಟದ್ದು: ಇಲ್ಲ.
ಅಂದದ್ದು: ಕೂಸುಗಳನ್ನು ಮಲಗಿಸಲು ಅಂಗಳದಲ್ಲಿ ತಗಡಿನ ಚಪ್ಪರ.
ಕೊಟ್ಟದ್ದು: ಇಲ್ಲ.
ಅಂದದ್ದು: ಕುಡಿಯುವ ನೀರು.
ಕೊಟ್ಟದ್ದು: ಹಂಡೆ ಬಂತು. ಲೋಟ ಎರಡು ಬಂದವು. ಒಂದು ಊರೊಳಗಿನವರಿಗೆ, ಒಂದು ಕೇರಿಯ ನಮಗೆ. ನಮ್ಮ ತಾತ ಮತ ಬದಲಾಯಿಸಿದ. ಲೋಟ ಬದಲಾಗಲಿಲ್ಲ.

ಅಂದವರು ಮಲ್ಲಿಕಾರ್ಜುನಪ್ಪ, ಈ ಕೊಬ್ಬರಿ ಮಂಡಿಯ ಸಾಹುಕಾರರು. ಅಂದದ್ದು ಹೋದ ದೀಪಾವಳಿಯ ಲಕ್ಷ್ಮೀಪೂಜೆ ದಿನ, ಮಂಗಳಾರತಿ ತಟ್ಟೆ ಕೈಯಲ್ಲಿ ಹಿಡಿದು, ಕೊಬ್ಬರಿ ಚಿಪ್ಪು ಬಿಡಿಸುವ ನಮ್ಮಷ್ಟೂ ಹೆಂಗಸರ ಮುಂದೆ. ಕರ್ಪೂರ ಆರಿತು, ಮಾತೂ ಆರಿತು.

ಇಲ್ಲಿ ಚಿಪ್ಪು ಬಿಡಿಸುವವಳೂ ನಾನೇ, ಸಂಘದ ಕಾರ್ಯದರ್ಶಿಯೂ ನಾನೇ. ಅರ್ಜಿ ಬರೆಯುವುದು ನಾನು, ಓದಿ ಹೇಳುವುದು ನಾನು, ಬೈಸಿಕೊಳ್ಳುವುದಕ್ಕೂ ನಾನೇ ಮುಂದೆ. "ಕೃಪಕ್ಕ, ಸಂಘ ಅಂದ್ರೆ ನೀನೊಬ್ಳೇ ಕಣಕ್ಕ. ನಾವು ಬರೀ ಚಪ್ಪಾಳೆ" ಅನ್ನುತ್ತಾಳೆ ತಿಪ್ಪಮ್ಮ. ಅವಳಿಗೆ ತಮಾಷೆ. ನನಗೆ ನಿದ್ದೆಯಿಲ್ಲ. ಚಾಪೆ ಮೇಲೆ ಬಿದ್ದರೆ ಎದೆಯೊಳಗೆ ಯಾರೋ ಕೊಬ್ಬರಿ ಒಡೆಯುತ್ತಾರೆ. ಇರಲಿ. ಹೋರಾಟ ಮಾಡುವವಳಿಗೆ ನಿದ್ದೆ ಯಾಕೆ? ಗೆದ್ದ ಮೇಲೆ ಮಲಗಿದರಾಯಿತು.

ಹೊಸ ಬೇಡಿಕೆ ಬರೆದು ಎಲ್ಲರ ಹೆಬ್ಬೆಟ್ಟು ಒತ್ತಿಸಿಯಾಯಿತು: ಭಾನುವಾರ ರಜ. ಲೋಕಕ್ಕೆಲ್ಲ ಭಾನುವಾರವೇ. ಇದರಲ್ಲಿ ಯಾರನ್ನು ಕೇಳುವುದೇನಿದೆ?

೧೨ ಫೆಬ್ರವರಿ, ಗುರುವಾರ

ಕೊಟ್ಟೆ. ಸಾಹುಕಾರರು ಕನ್ನಡಕ ಏರಿಸಿ ಓದಿದರು.

"ಏನಮ್ಮ ಕೃಪಾವತಿ, ಭಾನುವಾರವಾ? ಇದು ಕೊಬ್ಬರಿ ಮಂಡಿನೋ, ನಿಮ್ಮ ಚರ್ಚೋ?"

"ತಾಲ್ಲೂಕು ಕಚೇರಿಗೂ ಭಾನುವಾರವೇ ರಜ, ಸ್ವಾಮಿ. ಅಮಲ್ದಾರ್ರು ಚರ್ಚಿಗೆ ಹೋಗ್ತಾರಾ?"

ಅವರು ಜಾಣರು. ಹೆಂಗಸರ ಕಡೆ ತಿರುಗಿದರು. "ನೋಡ್ರಮ್ಮಾ, ಇವತ್ತು ಭಾನುವಾರ ಅಂತಾಳೆ. ನಾಳೆ ನಿಮ್ಮನ್ನೆಲ್ಲ ಕೆರೇಲಿ ಮುಳುಗಿಸಿ ಹೆಸರು ಬದಲಾಯಿಸ್ತಾಳೆ. ಆಮೇಲೆ ನನ್ನ ಕೇಳ್ಬೇಡಿ."

ಅಷ್ಟೇ ಸಾಕಾಯಿತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಅಂಬಮ್ಮ, ಹಣೆ ತುಂಬ ವಿಭೂತಿ. ಸಂಜೆ ಬಂದು, "ನಮ್ಮನೇಲಿ ಒಪ್ಪಲ್ಲ ಕಣವ್ವ. ನನ್ನ ಹೆಬ್ಬೆಟ್ಟು ವಾಪಸ್ ಕೊಟ್ಬಿಡು" ಅಂದಳು. ಹೆಬ್ಬೆಟ್ಟಿನ ಗುರುತನ್ನು ವಾಪಸ್ಸು ಕೊಡುವುದು ಹೇಗೆ? ಕೂಗಾಡಿದೆ. ತಿಪ್ಪಮ್ಮ ಮಾತ್ರ, "ರಜ ಸಿಗೋದಾದ್ರೆ ಒಂದಿನ ಮುಳುಗಿ ಎದ್ದು ಬತ್ತೀನಿ ಬಿಡಕ್ಕ, ಹೆಂಗೂ ಸೆಕೆ" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮೂವತ್ತು ವರ್ಷ ಇವರ ನಡುವೆ ಬಾಳಿದ್ದೇನೆ, ಒಂದು ಮಾತಿಗೆ ಪರದೇಶಿಯಾದೆ.

೧೫ ಫೆಬ್ರವರಿ, ಭಾನುವಾರ

ಇವತ್ತೂ ಕೆಲಸ. ನಾಲ್ಕಕ್ಕೆ ಕೈ ತೊಳೆದು ಆರಾಧನೆಗೆ ಓಡಿದೆ. ನಮ್ಮ ಪಾದ್ರಿ ಅಯ್ಯನವರು ತರೀಕೆರೆಯಿಂದ ಬಸ್ಸಿನಲ್ಲಿ ಬರಬೇಕು. ಅವರೂ ತಡ, ನಾನೂ ತಡ. ನಿಜ ಹೇಳಬೇಕೆಂದರೆ ನಾನು ಹೋದದ್ದು ದೇವರಿಗಲ್ಲ, ಬೇಡಿಕೆಗೆ ಬೆಂಬಲದ ಸಹಿಗಳಿಗೆ.

ಅಯ್ಯನವರ ಪ್ರಸಂಗ ದೋಣಿಯದು. ಬಿರುಗಾಳಿ ಎದ್ದಿದೆ, ನೀರು ಒಳಗೆ ನುಗ್ಗುತ್ತಿದೆ, ಶಿಷ್ಯರು ಬೊಬ್ಬೆ ಹಾಕುತ್ತಿದ್ದಾರೆ. ಯೇಸುಸ್ವಾಮಿ ತಲೆದಿಂಬು ಹಾಕಿಕೊಂಡು ನಿದ್ದೆ ಮಾಡುತ್ತಿದ್ದಾರೆ. ತಂದೆಯನ್ನು ನಂಬಿದವರ ನಿದ್ದೆ ಅದು ಅಂದರು ಅಯ್ಯನವರು.

ನಮ್ಮ ಸಂಘದಲ್ಲಿ ಯಾರಾದರೂ ಹಾಗೆ ಮಲಗಿದ್ದರೆ ಮಾರನೆಯ ದಿನವೇ ತೆಗೆದುಹಾಕುತ್ತಿದ್ದೆವು.

ಸಹಿ ಎರಡು ಸಿಕ್ಕವು.

೧೮ ಫೆಬ್ರವರಿ, ಬುಧವಾರ

ತಲೆನೋವು. ಎಲ್ಲರ ಮೇಲೂ ಸಿಟ್ಟು.

೨೦ ಫೆಬ್ರವರಿ, ಶುಕ್ರವಾರ

ಮಂಡಿಯ ಅಂಗಳದಲ್ಲಿ ಬಿದ್ದುಬಿಟ್ಟೆನಂತೆ. ಎಚ್ಚರವಾದಾಗ ಅಂಬಮ್ಮನ ತೊಡೆಯ ಮೇಲೆ ತಲೆ, ಬಾಯಿಗೆ ನೀರು. ಕುಡಿಸಿದ್ದು ಊರೊಳಗಿನವರ ಲೋಟದಲ್ಲಿ. ಗಾಬರಿಯಲ್ಲಿ ಅವಳಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಸುಮ್ಮನೆ ಪೂರ್ತಿ ಕುಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. "ರೆಸ್ಟ್ ತಗೋಬೇಕಮ್ಮ."

"ಅದಕ್ಕೇ ಸ್ವಾಮಿ ಹೋರಾಟ ಮಾಡ್ತಿರೋದು."

ಅವರು ನಗಲಿಲ್ಲ. ಮಾತ್ರೆ ಬರೆದರು. ಅಂಬಮ್ಮ ಹೊರಗೆ ಬಂದವಳೇ, "ನಡಿ, ಅಜ್ಜಂಪುರದ ಬಸ್ ಹತ್ತು. ನಿಮ್ಮವ್ವನ ಹತ್ರ ಬಿದ್ಕೊಂಡಿದ್ದು ಬಾ. ಸಂಘ ಓಡಿ ಹೋಗಲ್ಲ" ಅಂದಳು. ಹೆಬ್ಬೆಟ್ಟು ವಾಪಸ್ಸು ಕೇಳಿದವಳು ಸಂಘದ ಬಗ್ಗೆ ನನಗೆ ಹೇಳುತ್ತಾಳೆ!

ಅಜ್ಜಂಪುರ, ೨೨ ಫೆಬ್ರವರಿ, ಭಾನುವಾರ

ಅವ್ವ ಸುವಾರ್ತಮ್ಮನಿಗೆ ಎಪ್ಪತ್ತು ದಾಟಿದೆ. ಹಲ್ಲಿಲ್ಲ, ಚಿಂತೆಯಿಲ್ಲ, ಗೊರಕೆ ಬೇಕಾದಷ್ಟಿದೆ. ನಾನು ಬಂದಾಗಿನಿಂದ ಮುದ್ದೆ, ಹುರುಳಿ ಸಾರು, ಮತ್ತೆ ಮುದ್ದೆ. ಸಂಘ, ಸಾಹುಕಾರ, ಕೆರೆಯಲ್ಲಿ ಮುಳುಗಿಸುವ ಮಾತು ಎಲ್ಲ ಹೇಳಿದೆ. ನಾನಿಲ್ಲದಿದ್ದರೆ ಎಲ್ಲ ಬಿದ್ದುಹೋಗುತ್ತದೆ ಅಂದೆ.

ಅವ್ವ ಎಲೆಗೆ ಸುಣ್ಣ ಸವರುತ್ತ ಕೇಳಿದಳು, "ನಿಮ್ಮಪ್ಪ ಏನ್ ಕೆಲ್ಸ ಮಾಡ್ತಿದ್ದ?"

"ಇದೇನವ್ವ ಹೀಗೆ ಕೇಳ್ತೀಯ? ರೈಲ್ವೆ ಗೇಟು."

"ಹ್ಞೂ. ಅವನು ಗೇಟ್ ಹಾಕಿ, ಕಂದೀಲು ಹಿಡ್ಕೊಂಡು ನಿಂತಿರೋನು. ರೈಲೊಳಗಿರೋರು ಏನ್ ಮಾಡೋರು?"

"ಏನ್ ಮಾಡೋರು? ಮಲಗಿರೋರು."

"ಬಾಯಿ ಬಿಟ್ಕೊಂಡು ಮಲಗಿರೋರು. ಒಬ್ಬನಾದ್ರೂ ಇಳಿದು ಬಂದು, ಏನಪ್ಪಾ, ಗೇಟ್ ಸರಿಯಾಗಿ ಹಾಕಿದ್ಯಾ ಅಂತ ಕೇಳ್ದೋನಿಲ್ಲ. ಅವರೇನು ಸೋಮಾರಿಗಳಾ? ಬೆಳಗಾದ್ರೆ ಅವರಿಗೂ ಕೆಲ್ಸ ಇತ್ತು ಕಣೇ. ಗೇಟಲ್ಲಿ ಒಬ್ಬ ಅವ್ನೆ ಅಂತ ನಂಬ್ಕೆ. ನೀನು ರೈಲಿನಿಂದ ಇಳಿದು ಅದರ ಮುಂದೆ ಓಡ್ತಿದ್ದೀಯ. ಬೀಳದೆ ಇನ್ನೇನಾಗ್ತೀಯ?"

ಸಭೆಯಲ್ಲಿ ಯಾರಿಗೂ ಬಿಟ್ಟುಕೊಡದವಳು ನಾನು.

"ಹಂಗಾದ್ರೆ ಕೈ ಕಟ್ಕೊಂಡು ಕೂತಿರ್ಲಾ?"

"ಯಾರಂದ್ರು? ಹಗಲು ಜಗಳ ಆಡು, ಚೆನ್ನಾಗಿ ಆಡು. ಕತ್ತಲಾದ್ಮೇಲೆ ಯೇಸುಸ್ವಾಮಿ ಕೈಗೆ ಕೊಟ್ಟು ಮಲಕ್ಕೋ. ಒಂದೊಂದೇ ಹೆಸರು ಹೇಳಿ ಕೊಡು. ಮೊತ್ತವಾಗಿ ಕೊಟ್ರೆ ನೀನು ಮತ್ತೆ ಕದ್ದು ಇಟ್ಕೋತೀಯ."

ಇಬ್ಬರೂ ಮೊಣಕಾಲೂರಿದೆವು. ತಿಪ್ಪಮ್ಮ, ಅಂಬಮ್ಮ, ಹಂಡೆ, ಚಪ್ಪರ, ಭಾನುವಾರ. ಅವ್ವ ಕಣ್ಣು ಮುಚ್ಚಿಕೊಂಡೇ, "ಆ ಸಾಹುಕಾರ?" ಅಂದಳು. ಅವರ ಹೆಸರು ಬಾಯಿಗೆ ಬರಲು ಹೊತ್ತು ಹಿಡಿಯಿತು. ಹೇಳಿದೆ. ಕೊನೆಗೆ, "ಸ್ವಾಮಿ, ಬೆಳಗಿನವರೆಗೆ ಈ ಸಂಘ ನಿನ್ನದು. ಬೆಳಿಗ್ಗೆ ವಾಪಸ್ಸು ಕೊಡು" ಅಂದೆ. ಇಂಥ ಪ್ರಾರ್ಥನೆ ನಮ್ಮ ಅಯ್ಯನವರು ಕೇಳಿದ್ದರೆ ಏನನ್ನುತ್ತಿದ್ದರೋ.

೨೩ ಫೆಬ್ರವರಿ, ಸೋಮವಾರ

ರಾತ್ರಿ ಮೇಲ್ ರೈಲು ಹೋದದ್ದು ಕೇಳಿಸಲಿಲ್ಲ. ಪಾತ್ರೆಗಳೇ ಅಲ್ಲಾಡುವ ಹಾಗೆ ಹೋಗುತ್ತದೆ ಅದು. ಅವ್ವನನ್ನು ಕೇಳಿದರೆ, ದಿನಾ ಹೋದ ಹಾಗೆ ಹೋಯಿತಂತೆ. ಮುದ್ದೆಯ ಭಾರ ಇರಬೇಕು.

ಕಡೂರು, ೨೫ ಫೆಬ್ರವರಿ, ಬುಧವಾರ

ನಾನಿಲ್ಲದೆ ಸಭೆ ಸೇರಿದ್ದಾರೆ! ನಿರ್ಣಯವನ್ನೂ ಮಾಡಿದ್ದಾರೆ! ಅಧ್ಯಕ್ಷತೆ ಅಂಬಮ್ಮನದಂತೆ.

ತಿಪ್ಪಮ್ಮ ಹೇಳಿದ್ದು: ಮೊನ್ನೆ ಸೋಮವಾರ ಚಿಪ್ಪು ಬಿಡಿಸುತ್ತ ಕೂತಿದ್ದವಳ ಕಣ್ಣಿಗೆ ಕೊಟ್ಟಿಗೆ ಬಿತ್ತು. ಸಾಹುಕಾರರ ಗಾಡಿ ಎತ್ತುಗಳು ಗೋದಲಿ ಮುಂದೆ ಮಲಗಿ ಮೆಲುಕು ಹಾಕುತ್ತಿವೆ. ಸೋಮವಾರ ಬಸವಣ್ಣನ ವಾರ. ಈ ಸೀಮೆಯಲ್ಲಿ ಅವತ್ತು ಯಾರೂ ಎತ್ತಿಗೆ ನೊಗ ಇಡುವುದಿಲ್ಲ. ಹುಟ್ಟಿದಾಗಿನಿಂದ ನಾವೆಲ್ಲ ನೋಡಿದ್ದೇ. ತಿಪ್ಪಮ್ಮ ಸೀದಾ ಹೋಗಿ ಕೇಳಿದಳಂತೆ:

"ಸಾಹುಕಾರ್ರೇ, ಇವತ್ತು ಗಾಡಿ ಹೂಡ್ಲಿಲ್ವಾ?"

"ಸೋಮವಾರ ಅಲ್ವೇನೇ. ಎತ್ತು ಹೂಡಿದ್ರೆ ಪಾಪ ಬತ್ತದೆ."

"ಹೆಂಗಸ್ರನ್ನ ಹೂಡಿದ್ರೆ ಬರಲ್ವಾ?"

ಅವರು ಪೇಟ ಸರಿಮಾಡಿಕೊಂಡು ಒಳಗೆ ಹೋದರಂತೆ. ಈಗ ನಿರ್ಣಯ: ನಮಗೂ ಸೋಮವಾರವೇ ರಜ ಬೇಕು. ಮುಂದಿನ ಸೋಮವಾರ ಕೊಟ್ಟಿಗೆಯಲ್ಲಿ ಎತ್ತಿನ ಪಕ್ಕ ಕೂರುವುದು.

"ಭಾನುವಾರ ಅಂತ ಬರೆದುಕೊಟ್ಟಾಗಿದೆ!" ಅಂತ ಕೂಗಿದೆ.

"ಬರೆದೋಳು ನೀನು ಕಣವ್ವ. ನಮ್ಮನ್ನೇನು ಕೇಳಿದ್ಯಾ?" ಅಂದಳು ಅಂಬಮ್ಮ, ಮೆತ್ತಗೆ.

ರಾಜೀನಾಮೆ ಕೊಡುತ್ತೇನೆ ಅಂದೆ. "ನಾಳೆ ಕೊಡು, ಇವತ್ತು ಮಜ್ಜಿಗೆ ಕುಡಿ" ಅಂದಳು ತಿಪ್ಪಮ್ಮ.

೨೬ ಫೆಬ್ರವರಿ, ಗುರುವಾರ

ರಾಜೀನಾಮೆ ಕೊಡಲಿಲ್ಲ.

ರಾತ್ರಿ ಹೆಸರು ಒಪ್ಪಿಸುವಾಗ ಭಾನುವಾರದ ಹತ್ತಿರ ಬಂದು ನಾಲಿಗೆ ನಿಂತಿತ್ತು. ಅದು ನನ್ನ ಸ್ವಾಮಿಯ ದಿನ, ಬಿಡುವುದು ಹೇಗೆ? ಆಮೇಲೆ ಅನ್ನಿಸಿತು: ಆ ಸ್ವಾಮಿಯೇ, ವಿಶ್ರಾಂತಿಯ ದಿನ ಇರುವುದು ಮನುಷ್ಯರಿಗೋಸ್ಕರ ಅಂತ ದೊಡ್ಡ ದೊಡ್ಡವರ ಹತ್ತಿರ ಜಗಳ ಆಡಿದವನು. ಇವರಿಗೆ ವಿಶ್ರಾಂತಿ ಸಿಗಲಿ ಅಂತ ಹೊರಟೆನಾ, ನನ್ನ ವಾರ ಗೆಲ್ಲಲಿ ಅಂತ ಹೊರಟೆನಾ? ಭಾನುವಾರ ಸಂಜೆ ನಾಲ್ಕಕ್ಕೆ ಎಂದಿನಂತೆ ಓಡಿದರಾಯಿತು. ಆತ ನನಗಾಗಿ ಕಾಯುತ್ತಾನೆ. ಅಯ್ಯನವರ ಬಸ್ಸಿಗೆ ಕಾದು ಅಭ್ಯಾಸವಿರುವ ಸಭೆ ನಮ್ಮದು.

ಹೊಸ ಪತ್ರ ಬರೆದೆ. ಈ ಸಲ ಓದಿ ಹೇಳಿ, ಕೇಳಿ, ಆಮೇಲೆ ಕೊಟ್ಟೆ. ಅಂಬಮ್ಮ ಎರಡೂ ಹೆಬ್ಬೆಟ್ಟು ಒತ್ತಿದಳು.

೨ ಮಾರ್ಚ್, ಸೋಮವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಬಂದೆವು. ಅಂಗಳಕ್ಕೆ ಹೋಗಲಿಲ್ಲ, ಕೊಟ್ಟಿಗೆಗೆ ಹೋದೆವು. ಸಗಣಿ ಬಾಚಿ, ಗೋಣಿ ಹಾಸಿ, ಗೋದಲಿಗೆ ಬೆನ್ನು ಕೊಟ್ಟು ಸಾಲಾಗಿ ಕೂತೆವು. ಎತ್ತುಗಳು ಒಂದು ಸಲ ನೋಡಿ ಮತ್ತೆ ಮೆಲುಕಿಗೆ ಹೊರಳಿದವು. ನಾವು ಎಲೆಯಡಿಕೆ ಹಾಕಿಕೊಂಡು ನಮ್ಮ ಮೆಲುಕು ಶುರು ಮಾಡಿದೆವು. ನಮ್ಮ ಸ್ವಾಮಿ ಹುಟ್ಟಿ ಮಲಗಿದ್ದೂ ಗೋದಲಿಯಲ್ಲೇ ಅಂದೆ. "ಹಂಗಾದ್ರೆ ನಿಮ್ಮೋರೂ ನಮ್ಮ ಪೈಕಿನೇ ಬಿಡು" ಅಂದಳು ಅಂಬಮ್ಮ. ಹೋದ ತಿಂಗಳು ಅದೇ ಸ್ವಾಮಿಯ ಹೆಸರಿಗೆ ಹೆದರಿದ್ದವಳು!

ಸಾಹುಕಾರರು ಬಂದರು. ಶಿವರಾತ್ರಿಯ ವಾರ, ಹಣೆಯಲ್ಲಿ ಮೂರು ಪಟ್ಟೆ.

"ಏನ್ರೇ ಇದು? ಎದ್ದೇಳಿ. ಹೋಳಿ ಹಬ್ಬಕ್ಕೆ ದೆಹಲಿಗೆ ಮಾಲು ಹೋಗ್ಬೇಕು."

"ಇವತ್ತು ನಾವು ಎತ್ತು, ಸಾಹುಕಾರ್ರೇ. ಎಬ್ಬಿಸಿದ್ರೆ ನಿಮಗೇ ಪಾಪ" ಅಂದಳು ತಿಪ್ಪಮ್ಮ.

ಮಂಡಿ ಬೀದಿಯ ಜನ ಬಾಗಿಲಲ್ಲಿ ಸೇರಿದ್ದರು. ಒಬ್ಬ, "ಹಿಂಡಿ ಹಾಕಿಸ್ರಿ ಮಲ್ಲಿಕಾರ್ಜುನಪ್ಪೋರೇ, ಒಳ್ಳೆ ತಳಿ ಇದ್ದಂಗವೆ" ಅಂದ. ಎಲ್ಲರೂ ನಕ್ಕರು. ಸಾಹುಕಾರರ ಮುಖ ಕೆಂಪಾಯಿತು. ಪೊಲೀಸರನ್ನು ಕರೆಸುತ್ತೇನೆ, ಬೇರೆ ಆಳು ತರಿಸುತ್ತೇನೆ, ಒಬ್ಬೊಬ್ಬಳನ್ನೂ ಕಿತ್ತು ಹಾಕುತ್ತೇನೆ ಅಂದರು. ಕಿತ್ತು ಹಾಕಿದರೆ ಈ ಊರಲ್ಲಿ ಬೇರೆ ಕೆಲಸವಿಲ್ಲ. ಅದು ನಮಗೂ ಗೊತ್ತು, ಅವರಿಗೂ ಗೊತ್ತು. ಹೆಂಗಸರೆಲ್ಲ ನನ್ನ ಮುಖ ನೋಡಿದರು. ಹಿಂದಿನ ನಾನಾಗಿದ್ದರೆ ಎದ್ದು ನಿಂತು ಬೀದಿ ನಡುಗುವ ಹಾಗೆ ಒದರುತ್ತಿದ್ದೆ. "ಕರೆಸಿ ಸ್ವಾಮಿ. ನಾವು ಇಲ್ಲೇ ಇರ್ತೀವಿ" ಅಂದೆ, ಅಷ್ಟೇ.

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ತಿಪ್ಪಮ್ಮನ ಹುಚ್ಚೆಳ್ಳು ಚಟ್ನಿ ಎಲ್ಲರ ಎಲೆಗೂ ಹೋಯಿತು. ನೀರು ಕುಡಿಯುವಾಗ ಲೋಟ ಯಾವುದು ಅಂತ ಯಾರೂ ನೋಡಲಿಲ್ಲ, ಕೊಟ್ಟಿಗೆಗೆ ಬಂದದ್ದೇ ಒಂದು. ಆಮೇಲೆ ಕಂಬಕ್ಕೆ ಒರಗಿದ್ದು ಜ್ಞಾಪಕ.

ಮುಂದಿನದು ತಿಪ್ಪಮ್ಮ ಹೇಳಿದ್ದು. ನಾನು ಗೊರಕೆ ಹೊಡೆದೆನಂತೆ. ಸಾಹುಕಾರರು ಮತ್ತೆ ಬಂದು ನೋಡಿ, "ಇವಳೇನು ನಿದ್ದೆ ಮಾಡ್ತಾವ್ಳಾ?" ಅಂತ ಕೇಳಿದರಂತೆ. "ಮಾಡ್ತಾವ್ಳೆ." "ಕೆಲ್ಸ ಹೋಗ್ತದೆ ಅಂತ ಹೇಳಿದ್ದೀನಿ, ಭಯ ಇಲ್ವಾ?" "ಇದ್ದಿದ್ರೆ ಗೊರಕೆ ಬತ್ತಿತ್ತಾ?" ಅವರು ಎತ್ತಿನ ಬೆನ್ನು ಸವರಿ ಹೋದರಂತೆ.

ಕಾರ್ಯದರ್ಶಿ ಧರಣಿಯ ನಡುವೆ ಮಲಗಬಹುದೇ? ನಾಚಿಕೆಗೇಡು. ಎಚ್ಚರವಾದಾಗ ಐದು ಗಂಟೆ. ಎತ್ತಿನ ಬಾಲ ಭುಜದ ಮೇಲಿತ್ತು.

೫ ಮಾರ್ಚ್, ಗುರುವಾರ

ಮಂಗಳವಾರ ಗೇಟಿಗೆ ಬೀಗ. ಇವತ್ತೂ ಬೀಗ. ಸೋಮವಾರಕ್ಕೆ ತರೀಕೆರೆಯಿಂದ ಅಡಿಕೆ ಸುಲಿಯುವ ಹೆಂಗಸರನ್ನು ಲಾರಿಯಲ್ಲಿ ತರಿಸುತ್ತಾರಂತೆ. ಅವರು ಬಂದು ಕೂತರೆ ನಾವು ಹೊರಗೆ.

ಅಂಬಮ್ಮ ಕೇಳಿದಳು, "ಕೃಪಾ, ಏನ್ ಮಾಡ್ತಿ?"

"ಆ ಹೆಂಗಸ್ರ ಹತ್ರ ಮಾತಾಡೋದು."

"ಒಪ್ದೇ ಇದ್ರೆ?"

"ಗೊತ್ತಿಲ್ಲ ಕಣಮ್ಮ."

ಗೊತ್ತಿಲ್ಲ ಅನ್ನುವ ಮಾತು ಈ ಬಾಯಿಂದ ಸಂಘದವರ ಮುಂದೆ ಬಂದದ್ದು ಇದೇ ಮೊದಲು. ಯಾರೂ ಎದ್ದು ಹೋಗಲಿಲ್ಲ. ತಿಪ್ಪಮ್ಮ ಅವರಿಗೂ ಮಂಡಕ್ಕಿ ತರುತ್ತೇನೆ ಅಂದಳು. "ವೈರಿಗಳಿಗೇನೇ?" ಅಂದರೆ, "ಲಾರೀಲಿ ಕುಲುಕಿ ಬಂದಿರ್ತಾರೆ, ಹಸಿವು ವೈರಿಗಳಿಗೂ ಆಗ್ತದೆ" ಅಂದಳು. ಅಯ್ಯನವರ ಪ್ರಸಂಗ ಇಷ್ಟು ಚಿಕ್ಕದಾಗಿದ್ದರೆ ಚೆನ್ನಾಗಿತ್ತು.

ಊಟ ಸೇರಿತು.

೯ ಮಾರ್ಚ್, ಸೋಮವಾರ

ಲಾರಿ ಬಂತು. ಹೆಂಗಸರು ಇಳಿದರು. ಬೀಗ ತೆಗೆದದ್ದೇ ನಾವೂ ಅವರ ಜತೆ ನುಗ್ಗಿ, ಸೀದಾ ಕೊಟ್ಟಿಗೆಗೆ ಹೋಗಿ ಕೂತೆವು. ಲಾರಿಯ ಗುಂಪಿನ ಮುಂದಿದ್ದವಳು ಜಯಲಕ್ಷ್ಮಮ್ಮ, ಗಟ್ಟಿ ಹೆಂಗಸು. ಸೊಂಟದ ಮೇಲೆ ಕೈಯಿಟ್ಟು ನಮ್ಮ ಸಾಲನ್ನು ನೋಡಿದಳು.

"ಇದೇನ್ರವ್ವ, ದನದ ಮನೇಲಿ ಕೂತಿದ್ದೀರ?"

ನಾನು ಭಾಷಣ ಸಿದ್ಧ ಮಾಡಿದ್ದೆ. ಅದು ಬೇಕಾಗಲಿಲ್ಲ. "ಎತ್ತಿಗೆ ಇವತ್ತು ರಜ. ನಮಗಿಲ್ಲ. ಅದಕ್ಕೆ ಎತ್ತಿನ ಜತೆ ಸೇರ್ಕೊಂಡಿದ್ದೀವಿ" ಅಂದೆ.

ಅವಳು ತನ್ನವರ ಕಡೆ ತಿರುಗಿದಳು. "ಲೇ, ನಮಗೈತೇನ್ರೇ ರಜ?"

"ಎಲ್ಲಿಂದ ಬತ್ತದೆ?"

"ಹಂಗಾದ್ರೆ ನಾವೇನು ಇವರಿಗಿಂತ ಒಳ್ಳೇ ಎತ್ತಾ?" ಅಂದವಳೇ ಸೆರಗು ಕೊಡವಿ ನನ್ನ ಪಕ್ಕ ಕೂತಳು. ಒಬ್ಬೊಬ್ಬರಾಗಿ ಲಾರಿಯೆಲ್ಲ ಕೂತಿತು. ಎತ್ತುಗಳಿಗೇ ಜಾಗ ಸಾಲದೆ ಎದ್ದು ನಿಂತವು. ಮಂಡಕ್ಕಿ ಹಂಚಿದೆವು.

ಸಾಹುಕಾರರು ಬಾಗಿಲಲ್ಲಿ ನಿಂತು ನೋಡಿದರು. ಸಿಟ್ಟು ಬಂತು, ಆಮೇಲೆ ನಗು ಬಂತು, ತಡೆಯಲು ನೋಡಿದರು, ಆಗಲಿಲ್ಲ. ನಾನು ಅವರ ಹೆಸರನ್ನು ದಿನಾ ರಾತ್ರಿ ಒಪ್ಪಿಸುತ್ತಿರುವುದು ಅವರಿಗೆ ಗೊತ್ತಿಲ್ಲ. ಅವರ ನಗು ಚೆನ್ನಾಗಿದೆ ಅಂತ ನನಗೂ ಗೊತ್ತಿರಲಿಲ್ಲ.

"ಆಯ್ತು ಕಣ್ರಮ್ಮ. ಸೋಮವಾರ ರಜ. ಕೂಲಿ ಹಿಡಿಯಲ್ಲ. ಬಸವಣ್ಣನ ಮುಖ ನೋಡಿ ಕೊಡ್ತಿದ್ದೀನಿ, ನಿಮ್ಮ ಮುಖ ನೋಡಿಯಲ್ಲ."

"ಯಾರ ಮುಖ ಆದ್ರೇನು ಸಾಹುಕಾರ್ರೇ. ಗೋಡೆ ಮೇಲೆ ಬರೆಸಿ" ಅಂದಳು ಅಂಬಮ್ಮ.

ನಾನು ಸುಣ್ಣ ತಂದೆ. ಅವರೇ ಬರೆದರು, ಮಂಡಿಯ ಗೋಡೆಗೆ, ಬೀದಿಗೆ ಕಾಣುವ ಹಾಗೆ: ಸೋಮವಾರ ರಜ. ಚಪ್ಪರದ ಮಾತೆತ್ತಿದೆ. "ಇವತ್ತಿಗೆ ಇಷ್ಟು ಸಾಕಮ್ಮ, ನನಗೂ ಉಸಿರಾಡೋಕ್ ಬಿಡು" ಅಂದರು. ಬಿಟ್ಟೆ. ಮಳೆಗಾಲದೊಳಗೆ ಚಪ್ಪರವನ್ನೂ ಹಾಕಿಸುತ್ತೇನೆ, ಅದು ಬೇರೆ ಮಾತು.

೧೬ ಮಾರ್ಚ್, ಸೋಮವಾರ

ಮೊದಲನೇ ರಜ.

ತಲೆಗೆ ಎಣ್ಣೆ ಹಚ್ಚಿ ಸೀಗೆಕಾಯಿಯಲ್ಲಿ ಮಿಂದೆ. ಬಾಗಿಲಲ್ಲಿ ಕೂತು ಕೂದಲು ಒಣಗಿಸಿದೆ. ಏನೂ ಮಾಡಲಿಲ್ಲ. ಏನೂ ಮಾಡದಿರುವುದು ಇಷ್ಟು ಹಿತವಾಗಿರುತ್ತದೆಂದು ಸಂಘದ ಯಾವ ಶಿಬಿರದಲ್ಲೂ ಯಾರೂ ಹೇಳಿರಲಿಲ್ಲ. ಡಾಕ್ಟರ ಮಾತ್ರೆ ಪೊಟ್ಟಣದಲ್ಲೇ ಉಳಿದಿದೆ, ಎಂದು ನಿಲ್ಲಿಸಿದೆನೋ ನೆನಪಿಲ್ಲ.

ಅಂಬಮ್ಮ ಹಗಲೆಲ್ಲ ಮಲಗಿದ್ದಳಂತೆ. ಸೊಸೆ ಹೆದರಿ ಮೂಗಿನ ಹತ್ತಿರ ಕೈಯಿಟ್ಟು ನೋಡಿದಳಂತೆ. ತಿಪ್ಪಮ್ಮ ಮಧ್ಯಾಹ್ನವೇ ನಮ್ಮ ಮನೆಗೆ ಬಂದಳು. "ಇಡೀ ದಿನ ಗಂಡನ್ನ ನೋಡಿ ಅಭ್ಯಾಸ ಇಲ್ಲ ಕಣಕ್ಕ. ಎರಡು ಜಗಳ ಆಯ್ತು. ಅವನಿಗೂ ಒಂದು ರಜ ಕೊಡಿಸು, ಬೇರೆ ವಾರ."

ಸಂಜೆ ತರೀಕೆರೆಯಿಂದ ಜಯಲಕ್ಷ್ಮಮ್ಮ ಬಂದಳು. ಅವರ ಅಡಿಕೆ ಮಂಡಿಯಲ್ಲೂ ಹೆಂಗಸರು ಗುಸುಗುಸು ಶುರು ಮಾಡಿದ್ದಾರೆ. ಯಾವ ವಾರ ಬೇಕೆಂದು ಅವರವರಲ್ಲೇ ಮಾತು ನಡೆಯಲಿ, ನಾವು ಕೇಳಿಸಿಕೊಳ್ಳುತ್ತೇವೆ ಅಂದೆ. ಮುಂದಿನ ಸೋಮವಾರವೇ ಬಂದು ಸಭೆ ಮಾಡಿಸು ಅಂತ ಹಿಡಿದುಕೊಂಡಳು. ಆಗುವುದಿಲ್ಲ ಅಂದೆ. ನಮಗೆ ರಜ.

ತರೀಕೆರೆ ಅಡಿಕೆ ಮಂಡಿ ಹೆಂಗಸರ ಸಭೆ: ಬುಧವಾರ, ೨೫ ಮಾರ್ಚ್, ಸಂಜೆ ಐದೂವರೆಗೆ.